ಕಂಬದ ಮೇಲಿಂದ ಬಂದ ಪ್ರಶ್ನೆ

"ನಮಸ್ಕಾರ ಸಾರ್!" ಎಂದು ತಲೆಯ ಮೇಲಿನಿಂದ ಯಾರೋ ಕೂಗಿದರು. ಬೈಕ್ ನಿಲ್ಲಿಸಿ ನೋಡಿದೆ. ಅಜ್ಜಂಪುರದ ಹೊರಗೆ ಈರುಳ್ಳಿ ಕಿತ್ತ ಹೊಲದಲ್ಲಿ, ಇನ್ನೂ ತಂತಿ ಎಳೆಯದ ಕರೆಂಟ್ ಕಂಬವನ್ನು ಅರ್ಧ ಹತ್ತಿ ಅಪ್ಪಿಕೊಂಡಿದ್ದ, ನನ್ನ ಬಿ.ಎ. ವಿದ್ಯಾರ್ಥಿ ಯೋಗೇಶ. ಈಚೆಗೆ ಕ್ಲಾಸಿಗೆ ಬರುತ್ತಿರಲಿಲ್ಲ. ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದ್ದಾನಂತೆ. ಅದಕ್ಕೆ ಎಸ್ಸೆಸ್ಸೆಲ್ಸಿ ಅಂಕ ಸಾಕು, ಆದರೆ ಕಂಬ ಹತ್ತಿ ತೋರಿಸಬೇಕು.

ಕೆಳಗೆ ನಿಂತಿದ್ದ ಅವನಪ್ಪ, "ಕಾಲು ಗಟ್ಟಿಯಾಗಿ ಊರು, ಹತ್ತು ಹತ್ತು" ಎನ್ನುತ್ತಿದ್ದರು. ನನ್ನನ್ನು ಕಂಡದ್ದೇ ತಡ, ಅವನಮ್ಮ ಜೋರು ಮಾಡಿದರು. "ಲೇ, ಇಳಿಯೋ ಸಾಕು! ಇನ್ನೂ ಓದಿ, ಸಾರ್ ಥರ ಫ್ಯಾನ್ ಕೆಳಗೆ ನಿಂತ್ಕಂಡು ಮಾಡೋ ಕೆಲ್ಸ ನೋಡ್ಕೋ. ನೀವಾದ್ರೂ ಹೇಳಿ ಸಾರ್."

ಯೋಗೇಶ ಮೇಲಿನಿಂದಲೇ ಕೇಳಿದ: "ಹೇಳಿ ಸಾರ್, ಹತ್ಲಾ, ಇಳೀಲಾ?"

ನಾನು ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಫೋನ್ ನೋಡುತ್ತ ಕೂರುವವನು. ಅಷ್ಟು ನಂಬಿ ನೋಡುತ್ತಿದ್ದ ಆ ತಾಯಿಗೆ ಇದನ್ನು ಹೇಗೆ ಹೇಳಲಿ? ಹಾಗೆಂದು ಕಂಬದ ಮೇಲಿರುವವನಿಗೆ ಹತ್ತು ಎನ್ನುವ ಧೈರ್ಯವೂ ಬರಲಿಲ್ಲ. "ಹುಷಾರು ಕಣೋ" ಎಂದಷ್ಟೇ ಹೇಳಿ ಬೈಕ್ ಸ್ಟಾರ್ಟ್ ಮಾಡಿದೆ. ಕಾಲೇಜು ಮುಟ್ಟುವವರೆಗೂ ದಾರಿಯ ಒಂದೊಂದು ಕಂಬವನ್ನೂ ಕತ್ತೆತ್ತಿ ನೋಡಿದೆ.

ಆವತ್ತು ಮಧ್ಯಾಹ್ನ ಪಾಠ ಮಾಡುವಾಗ ಯೋಗೇಶನ ಅಮ್ಮ ಹೇಳಿದ ಫ್ಯಾನ್ ತಲೆಯ ಮೇಲೆ ಜೋರಾಗಿಯೇ ತಿರುಗುತ್ತಿತ್ತು. ನನ್ನ ಅಂಗಿ ಮಾತ್ರ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು.