ಸಹಿಗಳ ಕೆಳಗಿನ ಖಾಲಿ ಜಾಗ

ಮಲ್ಲೇಶ್ವರದ ನಮ್ಮ ಕ್ರಾಸಿನ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ತೊಂಬತ್ತರ ದಶಕದ ನಡುವಿನ ಮಾತು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಬಾಯಿಯೂ ಜೋರು. ಆದರೆ ಸಂಘದಲ್ಲಿ ನನ್ನ ಬಾಯಿ ಯಾರಿಗೂ ಬೇಕಿರಲಿಲ್ಲ, ಕೈಬರಹ ಸಾಕಿತ್ತು.

ಅಧ್ಯಕ್ಷರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮೂಲೆಮನೆ ಅವರದು. ಅವರ ಕಾಂಪೌಂಡಿಗೆ ಒರಗಿ ಫುಟ್‌ಪಾತಿನಲ್ಲಿ ಒಬ್ಬಳು ಹೂವು ಮಾರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳ ಊಟ, ಓದು ಎಲ್ಲವೂ ಆ ನಾಲ್ಕಡಿ ಜಾಗದಿಂದಲೇ ನಡೆಯಬೇಕಿತ್ತು. ನನಗೆ ಮಲ್ಲಿಗೆ ಅಳೆಯುವಾಗ ಮೊಳದ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿಸುತ್ತಿದ್ದಳು. "ಟೀಚರಮ್ಮನ ಜಡೆ ಉದ್ದ, ಇರ್ಲಿ ಬಿಡಿ" ಎನ್ನುತ್ತಿದ್ದಳು. ನನ್ನ ಜಡೆ ಆಗಲೇ ಇಲಿಬಾಲವಾಗಿತ್ತು.

ಹೆಬ್ಬೆಟ್ಟು ಒತ್ತಲು ನಾಚಿಕೆ ಎಂದು ಅವಳು ಒಮ್ಮೆ ಹೇಳಿದ್ದಕ್ಕೆ, ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಹಳೆಯ ಕಾಪಿ ಪುಸ್ತಕ ಹಿಡಿದು ಸಹಿ ಮಾಡುವುದನ್ನು ನಾನೇ ಕಲಿಸಿದ್ದೆ. ಓದುವುದನ್ನು ರಜೆಯಲ್ಲಿ ಕಲಿಸುತ್ತೇನೆ ಎಂದಿದ್ದೆ. ಆ ರಜೆ ಬರಲೇ ಇಲ್ಲ.

ಅವಳನ್ನು ಎಬ್ಬಿಸಬೇಕೆಂದು ಅಧ್ಯಕ್ಷರು, ಬೇಡವೆಂದು ನಾವು ಕೆಲವರು. ಕ್ರಾಸು ಎರಡು ಪಾಲಾಯಿತು. ವಾರ್ಡಿನ ಕಾರ್ಪೊರೇಟರ್ ಹಳ್ಳಿ ಕಡೆಯ ಮನುಷ್ಯ, ಮಾತು ಕಡಿಮೆ. "ನೀವ್ ನೀವೇ ಕೂತ್ಕೊಂಡು ಒಂದು ತೀರ್ಮಾನ ಬರ್ಕೊಡಿ. ಆ ಯಮ್ಮನ್ನೂ ಕರೀರಿ" ಎಂದರು.

ನಮ್ಮ ಸಂಘದ ಪದ್ಧತಿ ಹೀಗಿತ್ತು: ಬಾಗಿಲಲ್ಲೇ ನಡಾವಳಿ ಪುಸ್ತಕ, ಕೈಗೆ ಕಾಫಿ ಬರುವ ಮೊದಲೇ ಹಾಜರಿಗೆಂದು ಸಹಿ. ಸಹಿಗಳ ಕೆಳಗೆ ಪುಟ ಖಾಲಿ. ಸಭೆ ಮುಗಿದು ಎಲ್ಲರೂ ಹೋದ ಮೇಲೆ ಅಧ್ಯಕ್ಷರು ಹೇಳಿದಂತೆ ನಾನು ತೀರ್ಮಾನ ತುಂಬುತ್ತಿದ್ದೆ. ಮೋರಿ, ಬೀದಿದೀಪ, ಗಣೇಶನ ಪೆಂಡಾಲು ಎಲ್ಲವೂ ಹೀಗೇ ದಾಟಿದ್ದವು, ಯಾರೂ ತಕರಾರು ತೆಗೆದಿರಲಿಲ್ಲ.

ಆವತ್ತು ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಪೆನ್ನು ನಾನೇ ಕೊಟ್ಟೆ. ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಕೂರಿಸಿ ಹೆಸರು ಬರೆದಳು. ಹಿಂದೆ ಸಾಲು ನಿಂತಿದ್ದವರು ಕಾದರು. ನನಗೆ ಎದೆಯುಬ್ಬಿತು, ಸುಳ್ಳೇಕೆ ಹೇಳಲಿ. ಸಭೆಯಲ್ಲಿ ಬರೀ ಕೂಗಾಟ. ಏನೂ ಇತ್ಯರ್ಥವಾಗದೆ ಎದ್ದರು.

ಮರುದಿನ ಅಧ್ಯಕ್ಷರು ಕರೆಸಿ ಬರೆಸಿದರು: ಹೂವಿನ ವ್ಯಾಪಾರವನ್ನು ತೆರವುಗೊಳಿಸಲು ಹಾಜರಿದ್ದ ಎಲ್ಲರೂ ಒಪ್ಪಿದರು.

"ಸರ್, ಹಾಗೆ ಆಗ್ಲಿಲ್ವಲ್ಲ?" ಎಂದೆ.

"ಎಲ್ರೂ ಸೈನ್ ಮಾಡಿದಾರಲ್ಲಮ್ಮ. ಮಧ್ಯದಲ್ಲೇ ಎದ್ದು ಹೋದವ್ರು ಯಾರಾದ್ರೂ ಇದಾರಾ? ಬರೀರಿ ನೀವು."

ಬರೆದೆ. ಹೆದರಿ ಬರೆದೆ ಎಂದರೆ ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡಂತೆ. ಅಭ್ಯಾಸದಿಂದ ಬರೆದೆ, ದುಂಡಗೆ ಬರೆದೆ. ಕಾರ್ಪೊರೇಟರ್ ಮುಂದೆ ಹೇಗೂ ಇನ್ನೊಂದು ಸಲ ಮಾತಾಗುತ್ತದೆ ಎಂದುಕೊಂಡೆ. ಅಧ್ಯಕ್ಷರು ಪ್ರತಿಯನ್ನು ನೇರ ಪಾಲಿಕೆಯ ಕಚೇರಿಗೆ ಕೊಟ್ಟುಬಂದಿದ್ದರು. ವಾರದೊಳಗೆ ಲಾರಿ ಬಂದು ಅವಳ ಮರದ ಪೆಟ್ಟಿಗೆ, ಬುಟ್ಟಿ ಎರಡನ್ನೂ ಎತ್ತಿ ಹಾಕಿಕೊಂಡು ಹೋಯಿತು.

ಸಂಜೆ ಅವಳು ನಮ್ಮ ಮನೆಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆಫೀಸ್ನೋರು ಪೇಪರ್ ತೋರ್ಸಿದ್ರು, ಟೀಚರಮ್ಮ. ಇದು ನಿಂದೇ ಸೈನ್ ಅಲ್ವಾ ಅಂದ್ರು. ನಂದೇ ಅಂದೆ. ಇನ್ನೇನಂತ ಹೇಳ್ಲಿ?" ಆಮೇಲೆ ಕೇಳಿದಳು, "ಕೆಳಗಿದ್ದಿದ್ದು ನೀವ್ ಬರೆದಿದ್ದಂತೆ, ಹೌದಾ?"

ಹೌದು ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾಚಿಕೆಯಿಂದ ನನಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆಯೇ ಕಾರ್ಪೊರೇಟರ್ ಮನೆಗೆ ಹೋಗಿ, ಜಗಲಿಯಲ್ಲಿ ಅರ್ಜಿ ಹಿಡಿದು ಕೂತವರ ಸರದಿ ಮುಗಿಯುವವರೆಗೆ ಕಾದು, ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ನಕ್ಕರೋ ನೊಂದರೋ ಗೊತ್ತಾಗಲಿಲ್ಲ.

"ಮೇಡಂ, ನಮ್ಮೂರಲ್ಲಿ ನ್ಯಾಯ ಮುಗಿದ್ಮೇಲೆ ಒಪ್ಪಿಗೆಗಂತ ವೀಳ್ಯದೆಲೆ ಕೊಡ್ತಾರೆ. ಮೊದಲೇ ಕೈಗಿಟ್ಬಿಟ್ಟು ಆಮೇಲೆ ನ್ಯಾಯ ಮಾಡಲ್ಲ. ಓದಿದೋರ ಪದ್ಧತಿ ಏನ್ರೀ ಇದು? ಎಲ್ರ ಮುಂದೆ ಹೇಳ್ತೀರಾ ಇದನ್ನ?"

"ಹೇಳ್ತೀನಿ" ಎಂದೆ.

ಮತ್ತೆ ಸಭೆ ಸೇರಿತು. ಈ ಸಲ ಹೂವಿನವಳ ಜೊತೆ ಕಾರ್ಪೊರೇಟರೂ ಬಂದು ಕೂತರು. ನಾನು ಎದ್ದು ನಿಂತು, ಆಗದ ತೀರ್ಮಾನವನ್ನು ಆಯಿತೆಂದು ಬರೆದದ್ದು ನನ್ನ ಕೈ ಎಂದೆ. ಅಧ್ಯಕ್ಷರ ಮುಖ ಕೆಂಪಾಯಿತು. "ಇಷ್ಟು ಜನರ ಮಧ್ಯೆ ನನ್ನ ಮರ್ಯಾದೆ ತೆಗೀತಿದೀರಾ?" ಎಂದು ಎದ್ದೇಬಿಟ್ಟರು. ಕಾರ್ಪೊರೇಟರ್ ಈಗ ಅಧ್ಯಕ್ಷರನ್ನು ಬೈಯುತ್ತಾರೆಂದು ನಾನು ಕಾದೆ, ಆಸೆಯಿಂದಲೇ ಕಾದೆ. ಆ ಮನುಷ್ಯ ತಮ್ಮ ಕುರ್ಚಿಯನ್ನು ಅಧ್ಯಕ್ಷರ ಪಕ್ಕಕ್ಕೆ ಎಳೆದುಕೊಂಡು, "ಯಜಮಾನ್ರೆ, ಕೂತ್ಕೊಳ್ಳಿ. ಆ ಯಮ್ಮ ಅಲ್ಲಿ ಕೂತ್ರೆ ನಿಮಗೆ ಏನ್ ತೊಂದ್ರೆ? ಅದೊಂದ್ ಹೇಳಿ" ಎಂದರು. ಅಷ್ಟು ದಿನದ ಜಗಳದಲ್ಲಿ ಈ ಪ್ರಶ್ನೆಯನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಅಧ್ಯಕ್ಷರು ತಡವರಿಸಿ ಹೇಳಿದರು. ಮನೆಯಾಕೆಗೆ ಮಂಡಿನೋವು. ಬಾಳೆನಾರು, ಕೊಳೆತ ಎಲೆ ಗೇಟಿನ ಮುಂದೆ ಬಿದ್ದು ಒಮ್ಮೆ ಆಕೆ ಜಾರಿ ಬಿದ್ದಿದ್ದರು.

"ಅಮ್ಮಾವ್ರು ಬಿದ್ರಾ? ನಂಗೊಂದ್ ಮಾತು ಹೇಳ್ಬಾರ್ದಿತ್ತಾ ಸ್ವಾಮಿ?" ಎಂದಳು ಹೂವಿನವಳು.

ಅರ್ಧ ಗಂಟೆಯಲ್ಲಿ ಮುಗಿಯಿತು. ಗೇಟಿನಿಂದ ಆರಡಿ ಆಚೆ, ದೀಪದ ಕಂಬದ ಹತ್ತಿರ ಅವಳ ಜಾಗ. ಕಸ ದಿನವೂ ಚೀಲದಲ್ಲಿ. ಪೆಟ್ಟಿಗೆ, ಬುಟ್ಟಿ ಬಿಡಿಸಿ ತರುವುದು ಕಾರ್ಪೊರೇಟರ್ ಕೆಲಸ. ನಾನು ಅಲ್ಲೇ, ಎಲ್ಲರ ಎದುರು ಬರೆದೆ, ಗಟ್ಟಿಯಾಗಿ ಓದಿದೆ, ಪುಸ್ತಕವನ್ನು ಅವಳ ಮುಂದೆ ಹಿಡಿದೆ.

ಅವಳು ಪೆನ್ನು ಮುಟ್ಟಲಿಲ್ಲ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಅಧ್ಯಕ್ಷರಿಗೆ ಕೊಟ್ಟು, "ಸ್ವಾಮಿ, ನೀವೊಂದ್ಸಲ ಓದಿ. ಟೀಚರಮ್ಮ ಓದಿದ್ದೇ ಇದ್ಯಾ ನೋಡ್ತೀನಿ" ಎಂದಳು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಓದಿದರು. ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಸಹಿ ಮಾಡಿದಳು, ನಾನು ಕಲಿಸಿದ ಹಾಗೆಯೇ.

ಮುಂದೆ ಹತ್ತು ವರ್ಷ ಅವಳು ಆ ಕಂಬದ ಹತ್ತಿರ ಕೂತಳು. ಹೆಣ್ಣುಮಕ್ಕಳಿಬ್ಬರೂ ಓದಿದರು, ಮದುವೆಯ ಊಟಕ್ಕೂ ನನ್ನನ್ನು ಕರೆದಳು, ನಗುತ್ತಲೇ ಮಾತಾಡಿಸುತ್ತಿದ್ದಳು. ನಾನು ದಿನಾ ಮಲ್ಲಿಗೆ ಕೊಳ್ಳುತ್ತಿದ್ದೆ. ಅವಳು ಮೊಳ ಅಳೆದು, ಸರಿಯಾಗಿ ಮೊಳಕೈ ಹತ್ತಿರ ಕತ್ತರಿಸಿ ಕೊಡುತ್ತಿದ್ದಳು.