ಕಣ್ಣ ಕೆಳಗಿನ ಬಣ್ಣ

ಬಿದ್ದು ಸೊಂಟ ಮುರಿದುಕೊಂಡ ಅವ್ವನನ್ನು ಆಸ್ಪತ್ರೆಗೆ ಹತ್ತಿರವೆಂದು ಗೋನೆಗಂಡ್ಲದಿಂದ ಆದೋನಿಯ ನನ್ನ ಮನೆಗೆ ಕರೆತಂದೆವು. ಗಂಡುಮಗ ಇರುವಾಗ ಮಗಳ ಮನೆಯಲ್ಲಿ ಮಲಗುವುದು ಅವಳಿಗೆ ಮೊದಲಿನಿಂದಲೇ ಇರುಸುಮುರುಸು. ಅಳಿಯ ಎದುರು ಬಂದರೆ ಮಲಗಿದ್ದಲ್ಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹಸಿದಿದ್ದರೂ ಇನ್ನೊಂದು ತುತ್ತು ಅನ್ನ ಕೇಳುತ್ತಿರಲಿಲ್ಲ.

ರಾತ್ರಿ ಬಚ್ಚಲಿಗೆ ಹೋಗಬೇಕೆಂದರೆ ನನ್ನನ್ನೇ ಎಬ್ಬಿಸಬೇಕು. ಎಬ್ಬಿಸಲು ಸಂಕೋಚಪಟ್ಟು ಸುಮ್ಮನೆ ನರಳುತ್ತಿದ್ದಳು. ಹಾಗಾಗಿ ಅವಳು ಕರೆಯುವ ಮೊದಲೇ ಎಚ್ಚರವಾಗುವುದು ನನಗೆ ಅಭ್ಯಾಸವಾಯಿತು. ನನ್ನ ಕಣ್ಣಿನ ಕೆಳಗೆ ಮಸಿ ಬಳಿದಂತೆ ಕಪ್ಪು ಕಟ್ಟಿತು.

ಅವ್ವ ಕುರಿ ಸಾಕುವವರ ಮನೆಯ ಮಗಳು. ಕುರಿ ಸೊರಗಿದರೆ ಅದರ ಕೆಳರೆಪ್ಪೆ ಜಗ್ಗಿ ಒಳಗೆ ಕೆಂಪಿದೆಯೋ ಬಿಳಿಚಿದೆಯೋ ನೋಡುತ್ತಾರೆ. ಅದೇ ಪರೀಕ್ಷೆ ನಮಗೂ. ಬೆಳಿಗ್ಗೆ ನನ್ನನ್ನು ಬಗ್ಗಿಸಿಕೊಂಡು ಹೆಬ್ಬೆರಳಿನಿಂದ ರೆಪ್ಪೆ ಜಗ್ಗಿ, "ನಿದ್ದಿ ಮಾಡಿಲ್ಲ ನೀ. ನನ್ನಿಂದ ಸೊರಗಾಕತ್ತಿ. ತಮ್ಮಗ ಫೋನ್ ಮಾಡು, ನಾ ಊರಿಗಿ ಹೋಗ್ತೀನಿ" ಎಂದು ಶುರು ಮಾಡುತ್ತಿದ್ದಳು. ಊರಿಗೆ ಹೋದರೆ ಸೊಂಟಕ್ಕೆ ವ್ಯಾಯಾಮ ಮಾಡಿಸುವವರು ಯಾರಿದ್ದಾರೆ? ಅದು ತಪ್ಪಿದರೆ ಅವಳು ಮತ್ತೆ ನಡೆಯಲಾರಳು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಅದಕ್ಕೇ ಕಪ್ಪು ಮರೆಮಾಚುವ ಕನ್ಸೀಲರ್ ಕ್ರೀಮ್ ತಂದೆ. ಮೊದಲ ದಿನ ನನ್ನ ಮೈಬಣ್ಣಕ್ಕಿಂತ ಬಿಳಿಯದನ್ನು ಬಳಿದುಕೊಂಡು ಬಂದೆ. "ಜ್ವಾಳದ ಹಿಟ್ಟು ಹತ್ತೈತಿ, ಒರಸಿಕೋ" ಎಂದಳು ಅವ್ವ. ಆಮೇಲೆ ವಿಡಿಯೋ ನೋಡಿ ಕಲಿತೆ. ಮೊದಲು ಕಿತ್ತಳೆ ಬಣ್ಣದ್ದನ್ನು ತೆಳ್ಳಗೆ ಹಚ್ಚಿ, ಅದರ ಮೇಲೆ ಚರ್ಮದ ಬಣ್ಣದ್ದನ್ನು ಬೆರಳ ತುದಿಯಿಂದ ತಟ್ಟುತ್ತಿದ್ದೆ. ಅವ್ವ ಕೈ ಚಾಚಿದರೆ "ಆಫೀಸಿಗಿ ಹೊತ್ತಾತು" ಎಂದು ದೂರದಿಂದಲೇ ಮುಖ ತೋರಿಸಿ ಓಡುತ್ತಿದ್ದೆ. ಅವಳು ಊರಿನ ಮಾತು ಬಿಟ್ಟಳು. ಅನ್ನ ಕೇಳಿ ಹಾಕಿಸಿಕೊಂಡಳು. ಗೋಡೆ ಹಿಡಿದು ಪಡಸಾಲೆಯವರೆಗೆ ನಡೆದಳು.

ಅಲ್ಲಿಯವರೆಗೆ ನಾನು ಒಳ್ಳೆಯ ಮಗಳೇ. ಆದರೆ ಒಂದು ಭಾನುವಾರ ಅವ್ವನನ್ನು ನೋಡಲು ಬಂದ ತಮ್ಮ, "ಪರವಾಗಿಲ್ಲಕ್ಕಾ, ನೀ ಆರಾಮ ಕಾಣಸ್ತಿ" ಎಂದು ಚಹಾ ಕುಡಿದು ಎದ್ದುಹೋದಾಗ ನನಗೆ ಮೈಯೆಲ್ಲ ಉರಿಯಿತು. ಮುಂದಿನ ಭಾನುವಾರ ಬೇಕೆಂದೇ ಏನೂ ಹಚ್ಚಿಕೊಳ್ಳಲಿಲ್ಲ. ಅವನು ನೋಡಲಿ, ನಾಚಿಕೊಳ್ಳಲಿ, ಹೆಂಡತಿಯನ್ನು ನಾಲ್ಕು ದಿನ ಇಲ್ಲಿಗೆ ಕಳಿಸಲಿ ಎಂಬುದಷ್ಟೇ ನನಗಿದ್ದ ಆಸೆ.

ಅವನು ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. ನೋಡಿದವಳು ಅವ್ವ. ಬಹಳ ಹೊತ್ತು ನೋಡಿದಳು. ಆಮೇಲೆ ಮಗನಿಗೆ, "ಗಾಡಿ ತಗೊಂಬಾ. ಇವತ್ತ ನಿನ್ನ ಕೂಡ ಬರ್ತೀನಿ" ಎಂದಳು. ನಾನು ಗಾಬರಿಯಾಗಿ ವ್ಯಾಯಾಮದ ಮಾತೆತ್ತಿದೆ, ಗದರಿಸಿದೆ, ಕಡೆಗೆ ಅತ್ತೆ. ಅವಳು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು:

"ನೀ ದಿನಾ ಹಚ್ಚಿಕೊಳ್ಳೋದು ನಂಗ ಗೊತ್ತಿತ್ತವ್ವಾ. ಇರು ಅನ್ನಾಕತ್ತಿ ಅಂತ ಇದ್ದೆ. ಇವತ್ತ ಹಚ್ಚಿಲ್ಲ."

ಹೋಗು ಅಂತ ನಾನು ಅಂದಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಸಂಜೆ ಗಾಡಿ ಹೊರಟ ಮೇಲೆ ಹಾಸಿಗೆಗೆ ಬಿದ್ದವಳು ಮರುದಿನ ಬೆಳಗಾಗುವವರೆಗೆ ಕಣ್ಣು ಬಿಡಲಿಲ್ಲ. ಅಂಥ ಸುಖನಿದ್ದೆ ಮಾಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಕಣ್ಣಿನ ಕೆಳಗಿನ ಕಪ್ಪು ತಾನಾಗಿಯೇ ಹೋಯಿತು. ಯಾವ ಕ್ರೀಮ್ ಎಂದು ಆಫೀಸಿನಲ್ಲಿ ಕೇಳುತ್ತಾರೆ.

ಮೊನ್ನೆ ಗೋನೆಗಂಡ್ಲಕ್ಕೆ ಹೋಗಿದ್ದೆ. ಅವ್ವ ಈಗ ಮಂಚ ಬಿಟ್ಟು ಏಳುವುದಿಲ್ಲ. ಚಹಾ ತಂದ ತಮ್ಮನ ಹೆಂಡತಿಯ ಮುಖ ನೋಡಿದೆ. ಕಣ್ಣುಗಳು ಗುಳಿಬಿದ್ದು, ಸುತ್ತಲೂ ಕಪ್ಪು. ಅವ್ವನಿಗೆ ಕೇಳಿಸದಂತೆ ನನ್ನನ್ನು ಅಡುಗೆಮನೆಗೆ ಕರೆದಳು.

"ಅಕ್ಕಾ, ನೀವು ಕಣ್ಣಿಗಿ ಏನೋ ಹಚ್ಚಿಕೊಳ್ತಿದ್ರಂತಲ್ರೀ, ನಂಗೂ ಹೇಳಿಕೊಡ್ರಿ. ಅತ್ತಿ ನನ್ನ ಮುಖ ನೋಡಿದಾಗೆಲ್ಲ, 'ಈಗ ನಾ ಎಲ್ಲಿಗಿ ಹೋಗ್ಲಿ' ಅಂತಾರ."

ನಾಲ್ಕು ದಿನ ನಾನಿಲ್ಲಿ ಇರುತ್ತೇನೆ, ನೀನು ಮಲಗು ಎನ್ನಬೇಕಿತ್ತು. ಅಂದಿನಿಂದ ಚೀಲದಲ್ಲೇ ಉಳಿದಿದ್ದ ಕನ್ಸೀಲರ್ ಟ್ಯೂಬ್ ತೆಗೆದು ಅವಳ ಕೈಗೆ ಕೊಟ್ಟೆ.