ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ

ನನ್ನ ಅಕ್ಷರ ದುಂಡಗಿದೆ. ಜಂಬಕ್ಕೆ ಹೇಳುವ ಮಾತಲ್ಲ ಇದು. ಸರ್ವೆ ಕಲಿಯಬೇಕೆಂದು ಕಾಲೇಜಿಗೆ ಹೋದವಳು ಮೂರು ವರ್ಷ ಸರ್ವೆ ಯಂತ್ರವನ್ನು ಮುಟ್ಟದೆ ಉಳಿದದ್ದು ಈ ಅಕ್ಷರದ ದೆಸೆಯಿಂದ.

ನಮ್ಮದು ದೊಡ್ಡಬಳ್ಳಾಪುರ. ಅಪ್ಪ ಬೇರೆಯವರ ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಾರೆ, ಅಮ್ಮ ಮನೆಯಲ್ಲೇ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ. ಶೆಡ್ಡಿನ ಗೋಡೆಯೇ ನಮ್ಮ ಮನೆಯ ಗೋಡೆ. ಕರೆಂಟು ಹೋಗಿ ಮಗ್ಗ ನಿಂತಾಗ ನಮಗೆ ಏನೋ ಕಳೆದುಹೋದಂತಾಗುತ್ತದೆ, ಅಷ್ಟು ಆ ಸದ್ದು ಕಿವಿಗೆ ಒಗ್ಗಿದೆ. ಅಪ್ಪನಿಗೆ ಓದು ಬರಹ ಬರುವುದಿಲ್ಲ. ಎಡಗೈ ಹೆಬ್ಬೆರಳನ್ನು ಇಂಕಿಗೆ ಒತ್ತಿ ಕಾಗದದ ಮೇಲಿಡುವುದೇ ಅವರ ಬರವಣಿಗೆ. ಆದರೂ ನಾನು ಒಂದನೇ ಕ್ಲಾಸಿನಲ್ಲಿ ಕಾಪಿ ಬರೆಯುವಾಗ ಪಕ್ಕದಲ್ಲೇ ಕೂರುತ್ತಿದ್ದರು. ಬರೆದದ್ದು ಸರಿಯೋ ತಪ್ಪೋ ಅವರಿಗೆ ತಿಳಿಯುತ್ತಿರಲಿಲ್ಲ. ಸಾಲು ಸೊಟ್ಟಗಾದರೆ ಮಾತ್ರ ತಟ್ಟನೆ ತಿಳಿಯುತ್ತಿತ್ತು.

"ಎಳೆ ಸೊಟ್ಟ ಹೋಗೈತೆ ನೋಡವ್ವ. ಅಳಿಸಿ ಬರಿ."

ಅಳಿಸುತ್ತಿದ್ದೆ, ಬರೆಯುತ್ತಿದ್ದೆ. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಬೀದಿಯ ಅರ್ಜಿಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ವಿಧವಾ ವೇತನ, ರೇಷನ್ ಕಾರ್ಡಿನ ಹೆಸರು ತಿದ್ದುಪಡಿ, ನಲ್ಲಿ ನೀರಿನ ದೂರು. ನಾನು ಊಟಕ್ಕೆ ಕೂತಿದ್ದರೂ ಯಾರಾದರೊಬ್ಬರು ಬಿಳಿ ಹಾಳೆ ಹಿಡಿದು ಹೊಸ್ತಿಲಲ್ಲಿ ಕಾಯುತ್ತಿದ್ದರು. ಅಪ್ಪ ಅವರಿಗೆ, "ನಮ್ಮ ಹುಡುಗಿ ಬರದ್ರೆ ಅಚ್ಚು ಹಾಕ್ದಂಗಿರ್ತದೆ ಕಣಪ್ಪ," ಎನ್ನುತ್ತಿದ್ದರು. ಆ ಮಾತು ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ.

ಸರ್ವೆಯ ಹುಚ್ಚು ಹತ್ತಿದ್ದು ಆ ದಿನಗಳಲ್ಲೇ. ನಮ್ಮ ಬೀದಿಯ ಚರಂಡಿ ಅಗಲ ಮಾಡಲು ಒಬ್ಬ ಸರ್ವೆಯರ್ ಬಂದಿದ್ದ. ಮೂರು ಕಾಲಿನ ಸ್ಟ್ಯಾಂಡು ಊರಿ, ಒಂದು ಕಣ್ಣು ಮುಚ್ಚಿ ಯಂತ್ರದೊಳಗೆ ನೋಡಿ, ಶೆಡ್ಡಿನ ಸಾಹುಕಾರರಿಗೆ, "ನಿಮ್ಮ ಕಾಂಪೌಂಡು ಒಂದಡಿ ಮುಂದೆ ಬಂದಿದೆ," ಎಂದ. ಯಾರ ಎದುರು ನಿಂತು ಮಾತಾಡಲು ಅಪ್ಪ ಹೆದರುತ್ತಿದ್ದರೋ ಆ ಸಾಹುಕಾರರು ತುಟಿ ಪಿಟಕ್ ಎನ್ನದೆ ಕಲ್ಲು ಕೀಳಿಸಿದರು. ಆ ಯಂತ್ರದ ಹಿಂದೆ ನಾನೂ ನಿಲ್ಲಬೇಕು ಅನ್ನಿಸಿತು. ಅದೊಂದೇ ಆಸೆಯಿಂದ ಸಿವಿಲ್ ಎಂಜಿನಿಯರಿಂಗ್ ಸೇರಿದೆ. ಅಪ್ಪನ ಕಡೆಯಲ್ಲಿ, ಅಮ್ಮನ ಕಡೆಯಲ್ಲಿ ಹುಡುಕಿದರೂ ಎಸ್ಸೆಸ್ಸೆಲ್ಸಿ ದಾಟಿದವರು ಇರಲಿಲ್ಲ.

ಸರ್ವೆ ಲ್ಯಾಬಿನಲ್ಲಿ ಆರು ಜನಕ್ಕೊಂದು ತಂಡ. ನಮ್ಮ ತಂಡದಲ್ಲಿ ಐವರು ಹುಡುಗರು, ನಾನೊಬ್ಬಳು. ಒಬ್ಬರು ಯಂತ್ರ ನೋಡಬೇಕು, ಒಬ್ಬರು ಅಳತೆಯ ಉದ್ದನೆ ಪಟ್ಟಿ ಹಿಡಿಯಬೇಕು, ಒಬ್ಬರು ಫೀಲ್ಡ್ ಬುಕ್ಕಿನಲ್ಲಿ ಬರೆಯಬೇಕು. ಆ ಪಟ್ಟಿಗೆ ಸ್ಟಾಫ್ ಎನ್ನುತ್ತಾರೆ. ಸರದಿ ಪ್ರಕಾರ ಎಲ್ಲರೂ ಎಲ್ಲ ಕೆಲಸ ಮಾಡಬೇಕೆಂದು ನಿಯಮ. ಮೊದಲ ದಿನ ನಾನು ಬರೆದೆ. ತಂಡದ ಲೀಡರ್ ಪುಸ್ತಕ ನೋಡಿ, "ಏನ್ ಗುರು ಇದು, ಪ್ರಿಂಟ್ ಔಟಾ," ಎಂದ. ಅಲ್ಲಿಗೆ ಸರದಿ ಮುಗಿಯಿತು. ಮುಂದಿನ ವಾರವೂ ಪುಸ್ತಕ ನನಗೇ, ಅದರ ಮುಂದಿನ ವಾರವೂ ನನಗೇ. ನನಗೆ ಶಾನುಭೋಗರು ಎಂದು ಹೆಸರಿಟ್ಟರು.

"ನಂಗೂ ಒಂದ್ಸಲ ನೋಡೋಕೆ ಬಿಡ್ರೋ," ಎಂದರೆ, ಲೀಡರ್ ಕೈಮುಗಿಯುತ್ತಿದ್ದ. "ಶಾನುಭೋಗ್ರೆ, ನೀವ್ ಬಂದು ಯಂತ್ರ ನೋಡಿದ್ರೆ ಬರೆಯೋರ್ಯಾರು? ಇವನು ಬರೆದ್ರೆ ಐದು ಯಾವ್ದು ಒಂಬತ್ತು ಯಾವ್ದು ಅಂತ ಇವನಿಗೇ ಗೊತ್ತಾಗಲ್ಲ. ಮಾರ್ಕ್ಸು ನಿಮ್ಮ ಕೈಲೈತೆ."

ಹೊಗಳಿಕೆಯಲ್ಲಿ ಕಟ್ಟಿಹಾಕಿದರೆ ಹಗ್ಗ ಕಾಣುವುದಿಲ್ಲ. ಜಗಳ ಆಡೋಣವೆಂದರೆ ಯಾರೂ ಕೆಟ್ಟ ಮಾತು ಆಡಿಲ್ಲ. ದೂರು ಕೊಡೋಣವೆಂದರೆ ಏನಂತ ಕೊಡಲಿ, ನನ್ನ ಅಕ್ಷರ ಚೆನ್ನಾಗಿದೆ ಅಂತಾರೆ ಎಂದೇ? ಕೊನೆಗೆ ಅವರ ರೆಕಾರ್ಡ್ ಬುಕ್ಕುಗಳನ್ನೂ ನಾನೇ ಬರೆದೆ. ಯಂತ್ರವನ್ನು ಮಟ್ಟಕ್ಕೆ ತರುವುದು ಹೇಗೆ ಎಂಬ ಪಾಠದಲ್ಲಿ ಒಂದು ವಾಕ್ಯವಿದೆ. ಎರಡು ತಿರುಪುಗಳನ್ನು ಎರಡು ಕೈಯಿಂದ ಒಟ್ಟಿಗೆ ಒಳಕ್ಕೋ ಹೊರಕ್ಕೋ ತಿರುಗಿಸಬೇಕು, ಎಡ ಹೆಬ್ಬೆರಳು ಹೋದ ದಿಕ್ಕಿಗೆ ಮಟ್ಟ ತೋರಿಸುವ ಗಾಳಿಗುಳ್ಳೆ ಹೋಗುತ್ತದೆ. ಈ ವಾಕ್ಯವನ್ನು ಆರು ಪುಸ್ತಕಗಳಲ್ಲಿ ಆರು ಸಲ ಬರೆದೆ. ಗುಳ್ಳೆಯನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಮೂರನೇ ವರ್ಷದ ಕೊನೆಗೆ ಸರ್ವೆ ಕ್ಯಾಂಪು ಬಂತು. ರಾಜಘಟ್ಟದ ಆಚೆಯ ಒಂದು ಊರಿನ ಶಾಲೆಯಲ್ಲಿ ವಾರದ ಬಿಡಾರ. ನಮ್ಮ ಮೇಲ್ವಿಚಾರಣೆಗೆ ಬಂದ ಸರ್ ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಪಾಠ ಮಾಡಲು ವಾರಕ್ಕೆರಡು ದಿನ ಕಾಲೇಜಿಗೆ ಬರುತ್ತಿದ್ದರು. ನಮಗೆ ಕೊಟ್ಟ ಕೆಲಸ ಇಷ್ಟು: ಶಾಲೆಯ ಮೆಟ್ಟಿಲಿನಿಂದ ಹೊರಟು, ಕೆರೆ ಏರಿಯ ಮೇಲೆ ಹಾದು, ತೂಬಿನ ತನಕ ನೆಲದ ಎತ್ತರ ತಗ್ಗು ಅಳೆಯುತ್ತಾ ಹೋಗಬೇಕು. ಅಲ್ಲಿಂದ ಹಾಗೇ ಅಳೆಯುತ್ತಾ ಮೆಟ್ಟಿಲಿಗೇ ವಾಪಸು ಬರಬೇಕು. ಹೊರಟಾಗ ಮೆಟ್ಟಿಲು ಎಷ್ಟು ಎತ್ತರ ಇತ್ತೋ ಲೆಕ್ಕದಲ್ಲಿ ಬಂದು ಸೇರುವಾಗಲೂ ಅಷ್ಟೇ ಇರಬೇಕು. ಮೆಟ್ಟಿಲೇನೂ ಎದ್ದು ಓಡಾಡುವುದಿಲ್ಲವಲ್ಲ. ಹತ್ತು ಮಿಲಿಮೀಟರಿನ ಒಳಗೆ ತಪ್ಪಿದರೆ ಮಾಫಿ. ಅದಕ್ಕಿಂತ ಹೆಚ್ಚಾದರೆ ತಂಡಕ್ಕೆ ಕ್ಯಾಂಪಿನ ಮಾರ್ಕ್ಸಿಲ್ಲ, ಮುಂದಿನ ವರ್ಷ ಮತ್ತೆ ಬರಬೇಕು.

ನಮ್ಮದು ಎಂಟು ಸೆಂಟಿಮೀಟರ್ ತಪ್ಪಿತು.

ಮಧ್ಯಾಹ್ನದ ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತು ಮೂರು ಸಲ ಕೂಡಿ ಕಳೆದೆ. ಎಂಟು ಸೆಂಟಿಮೀಟರ್. ಬೆಳಿಗ್ಗೆಯಿಂದ ಯಂತ್ರ ನೋಡಿದ್ದ ಲೀಡರ್ ನನ್ನ ಹೆಗಲ ಮೇಲಿಂದ ಬಗ್ಗಿದ.

"ಬರೋವಾಗಿನ ಒಂದು ರೀಡಿಂಗ್ ಎಂಟು ಸೆಂಟಿಮೀಟರ್ ಇಳಿಸ್ಬಿಡಿ ಶಾನುಭೋಗ್ರೆ."

"ಸರ್‌ಗೆ ಗೊತ್ತಾಗುತ್ತೆ ಕಣೋ."

"ನಿಮ್ಮ ಅಕ್ಷರದಲ್ಲಿ ಏನ್ ಬರೆದ್ರೂ ನಿಜ ಅನ್ಸುತ್ತೆ. ನಾವು ಬರೆದ್ರೆ ನಿಜಾನೂ ಸುಳ್ಳು ಅನ್ಸುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದು ವರ್ಷ ಹೋದರೆ ಅಪ್ಪನಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು. ತಿದ್ದಿದೆ. ಆಮೇಲೆ ತಿದ್ದಿದ ಜಾಗ ಕಣ್ಣಿಗೆ ಹೊಡೆಯುತ್ತಿದೆ ಅನ್ನಿಸಿತು. ಹೊಸ ಪುಸ್ತಕ ತೆಗೆದುಕೊಂಡು, ಮೊದಲ ಪುಟದಿಂದ ಕೊನೆಯವರೆಗೆ ದುಂಡಗೆ ನಕಲು ಮಾಡಿದೆ. ಎಳೆ ಸೊಟ್ಟಗಾದರೆ ಅಳಿಸಿ ಬರೆಯುವುದನ್ನು ಅಪ್ಪ ನನಗೆ ಕಲಿಸಿದ್ದರಲ್ಲ.

ಮರುದಿನ ಬೆಳಿಗ್ಗೆ ಸರ್ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಪುಸ್ತಕ ತೆರೆದರು. ಎರಡು ಪುಟ ತಿರುವಿ ನನ್ನ ಮುಖ ನೋಡಿದರು.

"ಏನಮ್ಮಾ, ಇದನ್ನ ದೇವರ ಮನೇಲಿ ಕೂತು ಬರೆದ್ಯಾ?"

ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ಕೆರೆ ಏರಿ ಮೇಲೆ ನಿಂತು ಬರೆದ ಪುಸ್ತಕದಲ್ಲಿ ಒಂದು ಬೆವರಿನ ಕಲೆ ಇಲ್ಲ, ಮಣ್ಣಿಲ್ಲ, ಒಂದು ಅಂಕಿ ಹೊಡೆದುಹಾಕಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದೀನಿ. ತಪ್ಪೇ ಇಲ್ಲದ ಪುಸ್ತಕ ನಾನು ಕಂಡಿಲ್ಲ. ಹಳೇದು ತಗೊಂಬಾ."

ತಂದುಕೊಟ್ಟೆ. ಅಳಿಸಿ ತಿದ್ದಿದ ಜಾಗಕ್ಕೆ ಅವರ ಬೆರಳು ನೆಟ್ಟಗೆ ಹೋಗಿ ನಿಂತಿತು. ಫೀಲ್ಡ್ ಬುಕ್ಕಿನಲ್ಲಿ ತಪ್ಪಾದರೆ ಒಂದು ಗೆರೆ ಎಳೆದು ಮೇಲೆ ಬರೆಯಬೇಕು, ಕೆಳಗಿನದು ಓದುವಂತಿರಬೇಕು, ಅಳಿಸಬಾರದು. ಇದನ್ನೂ ನಾನೇ ಆರು ಪುಸ್ತಕಗಳಲ್ಲಿ ಬರೆದಿದ್ದೆ.

"ಯಾರು ಯಂತ್ರ ನೋಡ್ದೋರು?" ಲೀಡರ್ ಕೈ ಎತ್ತಿದ. "ನೀನು?" ಎಂದು ನನ್ನನ್ನು ಕೇಳಿದರು. "ಬರೀತೀನಿ ಸರ್." "ಬರೆಯೋದು ಬಿಟ್ಟು?" "ಬರೆಯೋದಷ್ಟೇ ಸರ್."

"ಸರಿ. ಇವತ್ತು ಇಡೀ ಲೈನು ಈಯಮ್ಮನೇ ನೋಡ್ಲಿ. ಬೇರೆ ಯಾರೂ ಯಂತ್ರ ಮುಟ್ಟಂಗಿಲ್ಲ. ನಾಲ್ಕು ಗಂಟೆಗೆ ಮೆಟ್ಟಿಲಿಗೆ ಬಂದು ಸೇರ್ಬೇಕು. ಸೇರದಿದ್ರೆ ಎಲ್ರೂ ಮುಂದಿನ ವರ್ಷ ಬನ್ನಿ."

ಮೂರು ವರ್ಷದಿಂದ ಬೇಡಿಕೊಂಡದ್ದು ಕೈಗೆ ಬಂದಿತ್ತು. ಆದರೆ ಹಿಂದೆ ಐದು ಜನರ ವರ್ಷವನ್ನೂ ಕಟ್ಟಿಕೊಂಡು ಬಂದಿತ್ತು. ಸ್ಟ್ಯಾಂಡಿನ ಕಾಲು ಊರಿದೆ. ಯಂತ್ರ ಕೂರಿಸಿದೆ. ಗಾಜಿನ ಬಿಲ್ಲೆಯೊಳಗಿನ ಗುಳ್ಳೆ ನಡುವಿನ ಸುತ್ತಿಗೆ ಬರಬೇಕು, ಅದು ಅಂಚಿಗೆ ಅಂಟಿಕೊಂಡು ನಿಂತಿತ್ತು. ಒಂದು ತಿರುಪು ತಿರುಗಿಸಿದೆ, ಆ ಕಡೆ ಓಡಿತು. ಇನ್ನೊಂದು ತಿರುಗಿಸಿದೆ, ಈ ಕಡೆ ಓಡಿತು. ಹತ್ತು ನಿಮಿಷವಾಯಿತು. ಬೆವರು ಕಣ್ಣಿಗಿಳಿಯಿತು.

"ಶಾನುಭೋಗ್ರೆ, ಗುಳ್ಳೆ ರಾಜಘಟ್ಟಕ್ಕೆ ಹೊರಟೈತೆ, ಹಿಡ್ಕೊಳ್ಳಿ," ಎಂದು ಸ್ಟಾಫ್ ಹಿಡಿದವನು ಕೂಗಿದ.

ಲೀಡರ್ ಹತ್ತಿರ ಬಂದು ಮೆಲ್ಲಗೆ, "ಸರ್ ಆ ಕಡೆ ನೋಡ್ತಿದಾರೆ. ನಾನು ಕೂರ್ಸಿಬಿಡ್ತೀನಿ, ನೀವು ಸುಮ್ನೆ ನೋಡ್ದಂಗೆ ಮಾಡಿ," ಎಂದ. ಹೂಂ ಅನ್ನಬೇಕೆನ್ನಿಸಿತು, ಅಂದೂಬಿಡುತ್ತಿದ್ದೆ. ಅವನು ಕೈ ಚಾಚಿದಾಗ ನನಗೇ ಗೊತ್ತಿಲ್ಲದೆ, "ಪುಸ್ತಕ ಹಿಡ್ಕೋ ನೀನು," ಎಂದುಬಿಟ್ಟೆ.

ಆಗ ಆ ವಾಕ್ಯ ಬಾಯಿಗೆ ಬಂತು. ಎರಡು ತಿರುಪುಗಳನ್ನು ಎರಡು ಕೈಯಿಂದ ಹಿಡಿದು ಒಟ್ಟಿಗೆ ಒಳಕ್ಕೆ ತಿರುಗಿಸಿದೆ. ಎಡ ಹೆಬ್ಬೆರಳು ಬಲಕ್ಕೆ ಸರಿಯಿತು, ಗುಳ್ಳೆಯೂ ಬಲಕ್ಕೆ ಸರಿಯಿತು. ಮೂರನೇ ತಿರುಪು ಒಂದು ಚೂರು. ಸುತ್ತಿನ ನಡುವೆ ಬಂದು ಕೂತಿತು. ಮೂರು ವರ್ಷ ಬರೆದದ್ದು ಬರೀ ಬರಹವಲ್ಲ, ನಿಜ ಎಂದು ಆಗ ನಂಬಿಕೆ ಬಂತು.

ತೂಬಿನ ಹತ್ತಿರದ ಇಳಿಜಾರಿಗೆ ಬರುವಾಗ ಹನ್ನೆರಡಾಗಿತ್ತು. ಕೆಳಗೆ ನಿಂತವನು ಸ್ಟಾಫಿನ ಮೇಲಿನ ತುಂಡನ್ನು ಎಳೆದು ಎತ್ತರ ಮಾಡಿ ಹಿಡಿದಿದ್ದ. ಯಂತ್ರದೊಳಗಿನಿಂದ ನೋಡಿದರೆ ಎರಡು ತುಂಡು ಸೇರುವ ಕಡೆ ಕೆಂಪು ಅಂಕಿ ಅರ್ಧಕ್ಕೆ ನುಂಗಿಹೋಗಿತ್ತು.

"ಮೇಲಿನ ತುಂಡು ಪೂರ್ತಿ ಎಳ್ದಿಲ್ಲ ಕಣೋ," ಎಂದು ಕೂಗಿದೆ.

"ಎಳ್ದಿದೀನಮ್ಮಾ. ಟಕ್ ಅಂತು."

"ಇನ್ನೊಂದ್ಸಲ ಎಳಿ."

ಎಳೆದ. ಆಗ ಟಕ್ ಎಂದಿತು, ನನಗೂ ಕೇಳಿಸಿತು. ಅಂಕಿ ಪೂರ್ತಿ ಕಂಡಿತು. ಹಿಂದಿನ ದಿನವೂ ತುಂಡು ಹೀಗೇ ಅರ್ಧಕ್ಕೆ ನಿಂತಿತ್ತು, ಆ ಎಂಟು ಸೆಂಟಿಮೀಟರ್ ಅಲ್ಲೇ ಅಡಗಿತ್ತು. ಪುಸ್ತಕ ಹಿಡಿದಿದ್ದ ಲೀಡರ್ ತಲೆ ಕೆರೆದುಕೊಂಡ. "ನಿನ್ನೆ ನಾನು ಬರೀ ಯಂತ್ರದೊಳಗಿನ ನಡುವಿನ ಗೆರೆ ನೋಡ್ದೆ ಕಣೇ. ಕೆಳಗೆ ತುಂಡು ಸೇರೋ ಜಾಗ ನೋಡ್ಲೇ ಇಲ್ಲ," ಎಂದ. ಶಾನುಭೋಗರೆಂದು ಹೆಸರಿಟ್ಟ ಮೇಲೆ ಅವನು ಆ ಅಣಕದ ಬಹುವಚನ ಬಿಟ್ಟು ಮಾತಾಡಿದ್ದು ಅದೇ ಮೊದಲು.

ಮೂರೂಮುಕ್ಕಾಲಿಗೆ ಮೆಟ್ಟಿಲಿಗೆ ಬಂದೆವು. ಆರು ಮಿಲಿಮೀಟರ್ ವ್ಯತ್ಯಾಸ. ಸರ್ ಪುಸ್ತಕ ನೋಡಿದರು. ಲೀಡರನ ಕಾಗೆ ಕಾಲು ಗುಬ್ಬಿ ಕಾಲು, ಮೂರು ಕಡೆ ಗೆರೆ ಎಳೆದು ಹೊಡೆದ ಅಂಕಿಗಳು, ಒಂದು ಪುಟದ ಮೇಲೆ ಚಹಾ ಚೆಲ್ಲಿದ ಕಲೆ. "ಆರು ಹಾಗೇ ಇರ್ಲಿ. ಸೊನ್ನೆ ಬಂದಿದ್ರೆ ನಂಬ್ತಿರ್ಲಿಲ್ಲ," ಎಂದು ಸಹಿ ಹಾಕಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಡಿಗ್ರಿ ಬಂತು. ಅಪ್ಪ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮಗ್ಗದ ಕಡೆಯ ಗೋಡೆಗೆ ತೂಗುಹಾಕಿದರು, ಮಗ್ಗ ಓಡುವಾಗ ಅದು ಸಣ್ಣಗೆ ನಡುಗುತ್ತಿರುತ್ತದೆ. ದೇವನಹಳ್ಳಿಯ ಒಂದು ಖಾಸಗಿ ಸರ್ವೆ ಆಫೀಸಿಗೆ ಕೆಲಸ ಕೇಳಲು ಹೋದೆ. ಅಲ್ಲಿ ಲೇಔಟುಗಳ ಅಳತೆ ಕೆಲಸ ಬೇಕಾದಷ್ಟಿತ್ತು. ಮಾಲೀಕರು ನನ್ನ ಅರ್ಜಿ ಕೈಗೆತ್ತಿಕೊಂಡವರು ಕೆಳಗಿಡಲೇ ಇಲ್ಲ. "ನಮ್ಮ ಹುಡುಗ್ರು ಬರೆದಿದ್ದು ಅವ್ರಿಗೇ ಓದೋಕಾಗಲ್ಲಮ್ಮ. ದೇವರೇ ಕಳಿಸ್ದಂಗೆ ಬಂದ್ರಿ," ಎಂದರು. ಕಿಟಕಿ ಪಕ್ಕದ ಮೇಜು ಕೊಟ್ಟರು. ಹನ್ನೊಂದು ತಿಂಗಳು ಆ ಕಿಟಕಿಯಿಂದ, ಸ್ಟ್ಯಾಂಡು ಹೇರಿಕೊಂಡು ಜೀಪು ಹೋಗುವುದನ್ನು ನೋಡಿದೆ. ಕೇಳಿದಾಗಲೆಲ್ಲ, "ಮುಂದಿನ ವಾರ ನೋಡೋಣಮ್ಮ, ಈ ಫೈಲ್ ಮುಗಿಸ್ಬಿಡಿ," ಎನ್ನುತ್ತಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಸರ್ವೆಯರ್ ಪರೀಕ್ಷೆಗೆ ಓದುತ್ತಿದ್ದೆ. ಮುಂದೆ ನನ್ನದೇ ಪರವಾನಗಿ ತೆಗೆಯಬೇಕೆಂದು ಆಸೆ. ಕುರ್ಚಿಯಲ್ಲಿ ಕೂತವಳನ್ನು ಹೊಲ ಅಳೆಯಲು ಯಾರು ಕರೆಯುತ್ತಾರೆ?

ಆ ಕೆಲಸ ಬಿಟ್ಟು ಅದೇ ಊರಿನ ಇನ್ನೊಂದು ಆಫೀಸಿಗೆ ಹೋದೆ. ಅಲ್ಲಿನ ಮಾಲೀಕರು ಒಂದು ಫಾರಂ ಮುಂದಿಟ್ಟು ತುಂಬಲು ಹೇಳಿದರು. ಪೆನ್ನು ತೆಗೆದುಕೊಂಡೆ. ಬೇಕೆಂದೇ ಕೆಟ್ಟದಾಗಿ ಬರೆದೆ. ಸಾಲು ಹತ್ತಿ ಇಳಿಯುವಂತೆ, ಒಂದಕ್ಷರ ಇನ್ನೊಂದರ ಮೇಲೆ ಬೀಳುವಂತೆ, ಎರಡು ಕಡೆ ಹೊಡೆದುಹಾಕಿ. ನನ್ನ ಹೆಸರನ್ನೂ ಹಾಗೇ ಬರೆದೆ.

ಅವರು ಕನ್ನಡಕ ಏರಿಸಿದರು. "ಡಿಗ್ರಿ ಮಾಡಿದೀರಿ, ಇದೇನಮ್ಮಾ ಅಕ್ಷರ?"

"ಮೊದಲಿಂದ್ಲೂ ಹಿಂಗೇ ಸರ್."

"ಯಂತ್ರ ಕೂರ್ಸೋಕೆ ಬರುತ್ತಾ?"

"ಬರುತ್ತೆ."

"ಆಫೀಸಲ್ಲಿ ನಿಮ್ಮನ್ನ ಇಟ್ಕೊಂಡು ಪ್ರಯೋಜನ ಇಲ್ಲ. ನಾಳೆ ಏಳು ಗಂಟೆಗೆ ಜೀಪ್ ಹತ್ರ ಬನ್ನಿ."

ಮನೆಗೆ ಬಂದು ಹೇಳಿದಾಗ ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. "ಅಷ್ಟು ಚೆನ್ನಾಗ್ ಬರೀತಿದ್ಯಲ್ಲವ್ವಾ," ಎಂದಷ್ಟೇ ಹೇಳಿ ಮಗ್ಗಕ್ಕೆ ಹೋದರು. ಹೊಸ್ತಿಲಲ್ಲಿ ಪಕ್ಕದ ಮನೆಯ ಅಜ್ಜಿ ಬಿಳಿ ಹಾಳೆ ಹಿಡಿದು ಕೂತಿದ್ದಳು. ಅವಳ ಪಿಂಚಣಿ ಅರ್ಜಿಯನ್ನು ಎಂದಿಗಿಂತ ದುಂಡಗೆ ಬರೆದುಕೊಟ್ಟೆ.

ಈಗ ದಿನವೂ ಬಿಸಿಲಲ್ಲಿ ಯಂತ್ರದ ಹಿಂದೆ ನಿಲ್ಲುತ್ತೇನೆ. ಆದರೆ ಆ ಆಫೀಸಿನಲ್ಲಿ ನಾನು ಇನ್ನು ಚೆನ್ನಾಗಿ ಬರೆಯುವಂತಿಲ್ಲ. ರಜೆ ಚೀಟಿಯನ್ನೂ ಸೊಟ್ಟಗೆ ಬರೆಯಬೇಕು, ಹಾಜರಿ ಸಹಿಯನ್ನೂ ಸೊಟ್ಟಗೆ ಹಾಕಬೇಕು. ಒಂದು ದಿನ ಮರೆತು ಒಂದು ಸಾಲು ದುಂಡಗೆ ಬರೆದುಬಿಟ್ಟೆ. ಮಾಲೀಕರು ಬರುವ ಮೊದಲೇ ಅದರ ಮೇಲೊಂದು ಗೆರೆ ಎಳೆದು, ಅದನ್ನೇ ಮೇಲೆ ಮತ್ತೆ ಸೊಟ್ಟಗೆ ಬರೆದೆ. ಫೀಲ್ಡ್ ಬುಕ್ಕಿನಲ್ಲಿ ಅಂಕಿಗಳನ್ನು ಮಾತ್ರ ನೆಟ್ಟಗೆ ಬರೆಯುತ್ತೇನೆ. ಅವನ್ನು ಕೆಡಿಸಲು ಕೈ ಬರುವುದಿಲ್ಲ.